ಅಮ್ಮನ ಹುಟ್ಟೂರಿನಿಂದ ಸಿಕ್ಕ ಪೋರ್ಚುಗಲ್ ಪೌರತ್ವ

ಅಕ್ಕನ ಸಂಸಾರ ಲಿಸ್ಬನ್‌ನಲ್ಲಿದೆ. ಪ್ರವಾಸಿ ವೀಸಾದಲ್ಲಿ ಹೋದರೆ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮೀರಿ ಅಲ್ಲಿರುವಂತಿಲ್ಲ. ಅವಳ ಕಾಯಿಲೆಯಲ್ಲಿ ಜೊತೆಗಿರಬೇಕಾಗಿದ್ದ ನನಗೆ ಅದು ಸಾಲುತ್ತಿರಲಿಲ್ಲ. ಬರೀ ಮದುವೆ, ಮುಂಜಿಗೆ ಹೋಗಿಬರುವವರಾದರೆ ವೀಸಾ ಸಾಕು, ಈ ಪೌರತ್ವದ ಉಸಾಬರಿ ಬೇಡ.

ನಮ್ಮ ಅಮ್ಮ ಹುಟ್ಟಿದ್ದು ಗೋವಾದ ಡಿಚೋಲಿಯಲ್ಲಿ, ಪೋರ್ಚುಗೀಸರ ಆಳ್ವಿಕೆಯ ಕಾಲಕ್ಕೆ. 1961ರ ಡಿಸೆಂಬರ್ 19ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದವರು ಮತ್ತು ಅವರ ಮಕ್ಕಳು ಪೋರ್ಚುಗಲ್ ಪೌರತ್ವ ಕೇಳಬಹುದು. ಗೋವಾದಿಂದ ಸೊಸೆ ತಂದ ಮನೆಗಳಿಗೆ ಬೆಳಗಾವಿಯಲ್ಲಿ ಬರವೇನಿಲ್ಲ. ಆದರೆ ಹೆಚ್ಚಿನವರು ಏಜೆಂಟರು ಹೇಳಿದ್ದನ್ನೇ ನಂಬಿ ಹಣ ಸುರಿಯುತ್ತಾರೆ. ನಾನು ಗೋವಾಕ್ಕೆ ಹೋಗುವ ಚೋರ್ಲಾ ಘಾಟಿನ ಬಸ್ಸು ಹತ್ತಿದೆ.

ಕ್ರಮ ಇಷ್ಟೇ: ಮೊದಲು ಅಮ್ಮನ ಜನನ ಪೋರ್ಚುಗಲ್‌ನಲ್ಲಿ ನೋಂದಣಿಯಾಗಬೇಕು, ಬಳಿಕ ಅಪ್ಪ-ಅಮ್ಮನ ಮದುವೆ, ಕೊನೆಗೆ ನನ್ನ ಜನನ. ಡಿಚೋಲಿಯ ಸಿವಿಲ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೆಯ ದಫ್ತರಿನ ಪೂರ್ತಿ ನಕಲು ಕೊಡುತ್ತಾರೆ. ಗೋವಾದವರು ಅದಕ್ಕೆ ತೆಯೋರ್ ಎನ್ನುತ್ತಾರೆ. ಆ ನಕಲು ನೋಡಿ ಅಪ್ಪ ನಕ್ಕರು, ನನಗೆ ನಗು ಬರಲಿಲ್ಲ. ಪೋರ್ಚುಗೀಸ್ ಗುಮಾಸ್ತರ ಬರಹದಲ್ಲಿ ಪ್ರಭು ಎಂಬುದು ಪೊರೊಬೊ ಆಗುತ್ತದೆ, ಕಾಮತ್ ಕಾಮೊತಿಮ್ ಆಗುತ್ತದೆ. ಅಜ್ಜನ ಅಡ್ಡಹೆಸರೂ ಹಾಗೆಯೇ ತಿರುಚಿಕೊಂಡಿತ್ತು. ಸಾಲದ್ದಕ್ಕೆ, ನಮ್ಮಲ್ಲಿ ಮದುವೆಯ ದಿನ ಸೊಸೆಯ ಹೆಸರನ್ನೇ ಬದಲಿಸುವ ರೂಢಿ. ಡಿಚೋಲಿಯ ದಫ್ತರಿನಲ್ಲಿದ್ದ ಹುಡುಗಿಗೂ ಆಧಾರ್ ಕಾರ್ಡಿನ ಅಮ್ಮನಿಗೂ ಕಾಗದದ ಮೇಲೆ ಸಂಬಂಧವೇ ಇರಲಿಲ್ಲ. ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಿ, ಅದಕ್ಕೆ ಶಾಲೆಯ ದಾಖಲೆ, ಲಗ್ನಪತ್ರಿಕೆ ಜೋಡಿಸಿದೆವು. ಲಗ್ನಪತ್ರಿಕೆಯನ್ನು ಸೋದರಮಾವ ಟ್ರಂಕಿನಲ್ಲಿ ಕಾಪಾಡಿದ್ದರು, ಪುಣ್ಯವಂತರು.

ಮದುವೆಯೂ ನೋಂದಣಿಯಾಗಿರಲಿಲ್ಲ. ಇಳಿವಯಸ್ಸಿನ ಅಪ್ಪ-ಅಮ್ಮ ಬೆಳಗಾವಿಯ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಾಕ್ಷಿಗಳೊಂದಿಗೆ ನಿಂತು ಮತ್ತೊಮ್ಮೆ ಗಂಡ-ಹೆಂಡತಿಯಾದರು. ನನ್ನ ಜನನ ಮಾತ್ರ ಹುಟ್ಟಿದ ವರ್ಷವೇ ಪಾಲಿಕೆಯಲ್ಲಿ ದಾಖಲಾಗಿತ್ತು. ದೊಡ್ಡವರಾದ ಮೇಲೆ ನೋಂದಣಿ ಮಾಡಿಸಿದ್ದರೆ ಲಿಸ್ಬನ್‌ನಲ್ಲಿ ತಕರಾರು ಏಳುತ್ತದೆ.

ಕಾಗದಗಳಿಗೆ ಅಪೊಸ್ಟಿಲ್, ಅಂದರೆ ದಾಖಲೆ ಅಸಲಿಯೆಂದು ಪರದೇಶದಲ್ಲಿ ಒಪ್ಪುವಂತೆ ಹಾಕುವ ಮುದ್ರೆ ಬೇಕು. ಗೋವಾದ ದಾಖಲೆಗೆ ಗೋವಾ ಸರ್ಕಾರದ, ನಮ್ಮದಕ್ಕೆ ಕರ್ನಾಟಕ ಸರ್ಕಾರದ ದೃಢೀಕರಣವಾದ ಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಪೋರ್ಚುಗೀಸ್ ಅನುವಾದವೂ ಆಗಬೇಕು. ಲಿಸ್ಬನ್‌ನ ಕೇಂದ್ರ ನೋಂದಣಿ ಕಚೇರಿಗೆ ಸೇರಿದ ಮೇಲೆ ಕಾಯುವುದೊಂದೇ ಕೆಲಸ.

ಕಾಯುವಾಗಲೇ ಯೋಚಿಸಬೇಕಾದ ಮಾತೊಂದಿದೆ, ಅದನ್ನು ಏಜೆಂಟರು ಬಾಯಿಬಿಟ್ಟು ಹೇಳುವುದಿಲ್ಲ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರರಾದವರ ಭಾರತೀಯ ಪೌರತ್ವ ಹೋಗುತ್ತದೆ. ವಿದೇಶಿ ಪಾಸ್‌ಪೋರ್ಟ್ ಪಡೆದರೆ ಅದೇ ಪುರಾವೆ. ಬರೀ ಜನನ ನೋಂದಣಿಗೇ ಪೌರತ್ವ ಹೋಗುತ್ತದೆಯೇ ಎಂಬ ಜಗಳ ಗೋವಾದಲ್ಲಿ ಕೋರ್ಟಿನವರೆಗೂ ಹೋಗಿದೆ. ಅಮ್ಮ ಪಾಸ್‌ಪೋರ್ಟಿನ ಗೋಜಿಗೆ ಹೋಗಲಿಲ್ಲ. ನಾನು ಪಡೆದೆ, ಭಾರತದ್ದನ್ನು ಒಪ್ಪಿಸಿ ಒಸಿಐ ಕಾರ್ಡ್, ಅಂದರೆ ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್ ಮಾಡಿಸಿದೆ.

ಈಗ ಅಕ್ಕನ ಮನೆಯಲ್ಲಿ ಬೇಕಾದಷ್ಟು ತಿಂಗಳು ಇರಬಲ್ಲೆ. ಆದರೆ ಭಾರತದಲ್ಲಿ ನನಗೆ ಮತದಾನ ಇಲ್ಲ. ಖಾನಾಪುರದ ಗದ್ದೆಯಲ್ಲಿ ಪಿತ್ರಾರ್ಜಿತ ಪಾಲಿಗೆ ಅಡ್ಡಿಯಿಲ್ಲ, ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ. ಹೋದ ಸುಗ್ಗಿಯಲ್ಲಿ ಪಕ್ಕದ ಹೊಲ ಮಾರಾಟಕ್ಕೆ ಬಂತು, ತಮ್ಮ ಕೊಂಡ.