ಪೀಣ್ಯದಲ್ಲಿ ಡಿಸೈನ್ ಇಂಟರ್ನ್: ಕೆಲಸದ ದಿನಗಳು ಮತ್ತು ಭಾನುವಾರ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಜಿಗ್, ಫಿಕ್ಸ್‌ಚರ್ (ಕೆಲಸ ನಡೆಯುವಾಗ ಭಾಗವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಸಾಧನಗಳು) ಹಾಗೂ ವಿಶೇಷ ಉದ್ದೇಶದ ಯಂತ್ರಗಳನ್ನು ತಯಾರಿಸುವ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳು ಬಹಳಷ್ಟಿವೆ. ಮೆಕ್ಯಾನಿಕಲ್ ವಿಭಾಗದ ವಿದ್ಯಾರ್ಥಿಗಳು ಇಂತಹ ಕಡೆ ಡಿಸೈನ್ ಇಂಟರ್ನ್ ಆಗಿ ಸೇರುವುದು ಸಾಮಾನ್ಯ. ದೊಡ್ಡ ಹೆಸರಿನ ಕಂಪನಿ ಸಿಗಲಿಲ್ಲವೆಂಬ ಬೇಸರದಿಂದಲೇ ಬರುವವರೂ ಇದ್ದಾರೆ. ಆದರೆ ಕಂಪ್ಯೂಟರಿನಲ್ಲಿ ತಾನು ಬಿಡಿಸಿದ ಭಾಗವು ಕೆಳಗಿನ ಅಂತಸ್ತಿನ ಯಂತ್ರದ ಮೇಲೆ ರೂಪ ಪಡೆಯುವುದನ್ನು ಅದೇ ವಾರದಲ್ಲಿ ನೋಡುವ ಅವಕಾಶ ಇಂತಹ ಕಾರ್ಖಾನೆಯಲ್ಲಿ ಸಿಗುವಷ್ಟು ಸುಲಭವಾಗಿ ಬೇರೆಲ್ಲೂ ಸಿಗಲಾರದು. ಆ ಅವಕಾಶವನ್ನು ಹೇಗೆ ಬಳಸಿಕೊಳ್ಳಬೇಕೆಂಬುದೇ ಈ ಬರಹದ ವಿಷಯ.

ಸೇರಿದ ಹೊಸತರಲ್ಲಿ ನಿಮಗೆ ಸಿಗುವುದು ಹೊಸ ವಿನ್ಯಾಸವಲ್ಲ, ಹಳೆಯ ಡ್ರಾಯಿಂಗ್‌ಗಳ ತಿದ್ದುಪಡಿ. ಅದನ್ನು ಕೀಳಾಗಿ ಕಾಣಬೇಡಿ. ಪ್ರತಿಯೊಂದು ಡ್ರಾಯಿಂಗ್‌ನಲ್ಲೂ ಮೊದಲು ಟೈಟಲ್ ಬ್ಲಾಕ್ (ಮೂಲೆಯಲ್ಲಿರುವ ವಿವರಗಳ ಚೌಕ) ಓದಿ: ಯಾವ ರಿವಿಷನ್ (ತಿದ್ದಿದ ಆವೃತ್ತಿ), ಯಾವ ಲೋಹ, ಯಾವ ಶಾಖೋಪಚಾರ, ಯಾವ ಪ್ರೊಜೆಕ್ಷನ್ (ಭಾಗದ ನೋಟಗಳನ್ನು ಹಾಳೆಯ ಮೇಲೆ ಜೋಡಿಸುವ ಪದ್ಧತಿ) ಎಂಬುದನ್ನು ನೋಡಿಕೊಳ್ಳಿ. ನಮ್ಮ ಕಾಲೇಜುಗಳಲ್ಲಿ ಕಲಿಸುವುದು ಫಸ್ಟ್ ಆಂಗಲ್. ಅಮೆರಿಕದ ಗ್ರಾಹಕರಿಂದ ಬರುವ ಡ್ರಾಯಿಂಗ್‌ಗಳು ಸಾಮಾನ್ಯವಾಗಿ ಥರ್ಡ್ ಆಂಗಲ್‌ನಲ್ಲಿರುತ್ತವೆ. ಮೂಲೆಯಲ್ಲಿರುವ ಆ ಸಣ್ಣ ಚಿಹ್ನೆಯನ್ನು ಗಮನಿಸದೆ ಹೋದರೆ ಎಡಗೈ ಭಾಗದ ಬದಲು ಬಲಗೈ ಭಾಗ ತಯಾರಾಗಿ, ಕಬ್ಬಿಣವೂ ಯಂತ್ರದ ಸಮಯವೂ ಒಟ್ಟಿಗೆ ಹಾಳಾಗುತ್ತವೆ.

ಮುಂದಿನ ಪಾಠ ಟಾಲರೆನ್ಸ್, ಅಂದರೆ ಒಂದು ಅಳತೆ ಎಷ್ಟು ಹೆಚ್ಚು ಕಡಿಮೆಯಾದರೂ ಒಪ್ಪಬಹುದು ಎಂಬ ಮಿತಿ. ಹೊಸಬರು ಅಳತೆಯ ಪಕ್ಕದಲ್ಲಿ ಬಿಗಿಯಾದ ಸಂಖ್ಯೆ ಬರೆದರೆ ವಿನ್ಯಾಸ ಚೆನ್ನಾಗಿ ಕಾಣುತ್ತದೆಂದು ಭಾವಿಸುತ್ತಾರೆ. 25 ಮಿ.ಮೀ. ರಂಧ್ರಕ್ಕೆ ಎಚ್7 ಎಂಬ ಟಾಲರೆನ್ಸ್ ಸಂಕೇತ ಬರೆದರೆ, ಅದರ ವ್ಯಾಸ 25.000ದಿಂದ 25.021ರ ಒಳಗೆ ಇರಬೇಕೆಂದು ನೀವು ಆಜ್ಞೆ ಮಾಡಿದಂತಾಯಿತು. ಅದರಲ್ಲಿ ಜಾರಬೇಕಾದ ಶಾಫ್ಟ್‌ಗೆ ಜಿ6 ಎಂದು ಬರೆದರೆ, ಅದು 24.980ರಿಂದ 24.993ರ ನಡುವೆ ಇರಬೇಕು. ಎರಡರ ನಡುವಿನ ಸಡಿಲ ಕನಿಷ್ಠ 7 ಮೈಕ್ರಾನ್ (0.007 ಮಿ.ಮೀ.), ಗರಿಷ್ಠ 41 ಮೈಕ್ರಾನ್. ಟೇಬಲ್ ನೋಡಿ ಈ ಲೆಕ್ಕ ಹಾಕುವುದು ಯಾರಿಗಾದರೂ ಬಂದೀತು. ಇದನ್ನು ಅಳೆಯುವುದು ಯಾವುದರಿಂದ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. 0.02 ಮಿ.ಮೀ. ಲೀಸ್ಟ್ ಕೌಂಟ್ (ಅಳೆಯಬಲ್ಲ ಅತಿ ಸಣ್ಣ ಅಳತೆ) ಇರುವ ವರ್ನಿಯರ್‌ನಿಂದ ಈ ರಂಧ್ರವನ್ನು ಪಾಸು ಮಾಡಲಾಗದು. ಪ್ಲಗ್ ಗೇಜ್ ಅಥವಾ ಬೋರ್ ಗೇಜ್ ಬೇಕು. ಹಾಗೆಯೇ, 10 ಎಚ್7 ರೀಮರ್ (ಕೊರೆದ ರಂಧ್ರವನ್ನು ನಿಖರ ಅಳತೆಗೆ ತರುವ ಟೂಲ್) ಅಂಗಡಿಯಲ್ಲಿ ಸಿಗುತ್ತದೆ, 10.3 ಎಚ್7 ರೀಮರನ್ನು ಹೇಳಿ ಮಾಡಿಸಬೇಕಾಗುತ್ತದೆ. ಆದ್ದರಿಂದ ಒಂದು ಅಳತೆಯನ್ನು ಬರೆಯುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದನ್ನು ರೂಢಿಸಿಕೊಳ್ಳಿ: ಈ ಭಾಗವನ್ನು ಯಂತ್ರದಲ್ಲಿ ಹಿಡಿಯುವುದು ಹೇಗೆ, ಕೊರೆಯುವುದು ಯಾವ ಟೂಲಿನಿಂದ, ಅಳೆಯುವುದು ಯಾವುದರಿಂದ?

ಈ ಪ್ರಶ್ನೆಗಳಿಗೆ ಉತ್ತರ ನೀವು ವಿನ್ಯಾಸ ಬಿಡಿಸುವ ಸಾಲಿಡ್‌ವರ್ಕ್ಸ್ ತಂತ್ರಾಂಶದ ಪರದೆಯಲ್ಲಿ ಇಲ್ಲ, ಯಂತ್ರಗಳು ನಡೆಯುವ ಶಾಪ್ ಫ್ಲೋರ್‌ನಲ್ಲಿದೆ. ದಿನಕ್ಕೆ ಅರ್ಧ ಗಂಟೆಯಾದರೂ ಕೆಳಗಿಳಿಯಿರಿ. ಲೇತ್ ನಡೆಸುವ ಹಿರಿಯ ಟರ್ನರ್, ಜೋಡಣೆ ಮಾಡುವ ಫಿಟ್ಟರ್ ನಿಮಗಿಂತ ಕಡಿಮೆ ಓದಿರಬಹುದು, ಆದರೆ ನಿಮ್ಮ ಡ್ರಾಯಿಂಗ್‌ನ ತಪ್ಪು ಮೊದಲು ಕಾಣುವುದು ಅವರಿಗೇ. ಅವರನ್ನು ಅಣ್ಣ ಎಂದೋ ಸರ್ ಎಂದೋ ಕರೆಯಿರಿ, ಬಹುವಚನದಲ್ಲಿ ಮಾತನಾಡಿಸಿ, ಕಟಿಂಗ್ ನಡೆಯುವಾಗ ಮಾತಿಗೆಳೆಯದೆ ಭಾಗ ಬದಲಿಸುವ ಹೊತ್ತಿಗೆ ಅಥವಾ ಚಹಾದ ವೇಳೆಗೆ ಕಾಯಿರಿ. "ಇದರಲ್ಲಿ ಏನು ಕಷ್ಟ ಅಣ್ಣ?" ಎಂದು ಕೇಳಿದರೆ ಬರುವ ಉತ್ತರಗಳು ಬಹುಮಟ್ಟಿಗೆ ಹೀಗಿರುತ್ತವೆ: ಪಾಕೆಟ್‌ನ (ಲೋಹದಲ್ಲಿ ಕೊರೆದ ಗುಳಿಯ) ಒಳಮೂಲೆಯನ್ನು ಚೂಪಾಗಿ ಬಿಡಿಸಿದ್ದೀರಿ, ತಿರುಗುವ ಕಟರ್ ಅಲ್ಲಿ ಚೂಪು ಮೂಲೆ ಮಾಡಲಾರದು; ಎಂ8 ಟ್ಯಾಪಿಗೆ (ತೂತಿನೊಳಗೆ ಥ್ರೆಡ್ ಕೊರೆಯುವ ಟೂಲ್) 6.8 ಡ್ರಿಲ್ ಹಾಕುತ್ತೇವೆ, ಆದರೆ ತೂತಿನ ಆಳವೂ ಥ್ರೆಡ್‌ನ ಆಳವೂ ಒಂದೇ ಎಂದು ಬರೆದಿದ್ದೀರಿ, ಟ್ಯಾಪ್ ತಳ ಮುಟ್ಟಿ ಮುರಿದರೆ ಯಾರು ತೆಗೆಯುವುದು; 25 ಮಿ.ಮೀ. ಪ್ಲೇಟಿನ ಎರಡೂ ಮೈ ಮಿಲ್ಲಿಂಗ್ ಆಗಬೇಕೆಂದಿದ್ದೀರಿ, ಕೊನೆಯ ದಪ್ಪವೂ 25 ಎಂದರೆ ಅಂಗಡಿಯಿಂದ ಇನ್ನೂ ದಪ್ಪದ ಪ್ಲೇಟು ತಂದು ಚಿಪ್ಸ್ (ಲೋಹದ ಸಿಪ್ಪೆ) ಮಾಡಿ ಎಸೆಯಬೇಕು. ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಅನುಮತಿಯಿದ್ದರೆ ನಿಮ್ಮದೇ ಭಾಗದ ಜೋಡಣೆಯ ದಿನ ಫಿಟ್ಟರ್ ಜೊತೆ ನಿಂತು ನೋಡಿ. ಬೋಲ್ಟ್ ಬಿಗಿಯಲು ಸ್ಪ್ಯಾನರ್ ತಿರುಗಿಸುವಷ್ಟು ಜಾಗ ಬಿಟ್ಟಿದ್ದೀರೋ ಇಲ್ಲವೋ ಎಂಬುದು ಅಲ್ಲಿ ತಾನಾಗಿ ಗೊತ್ತಾಗುತ್ತದೆ.

ಕೆಳಗಿಳಿಯುವಾಗ ಸುರಕ್ಷತೆಯ ಕೆಲವು ನಿಯಮಗಳನ್ನು ತಪ್ಪಬೇಡಿ. ಸೇಫ್ಟಿ ಶೂ ಹಾಕಿಕೊಳ್ಳಿ, ಕೂದಲು ಉದ್ದವಿದ್ದರೆ ಕಟ್ಟಿಕೊಳ್ಳಿ, ಕುತ್ತಿಗೆಯಲ್ಲಿ ನೇತಾಡುವ ಐಡಿ ಕಾರ್ಡನ್ನು ತೆಗೆದು ಜೇಬಿನಲ್ಲಿಡಿ. ತಿರುಗುವ ಚಕ್ (ಲೇತ್‌ನಲ್ಲಿ ಭಾಗವನ್ನು ಹಿಡಿಯುವ ಹಿಡಿತ) ಅಥವಾ ಡ್ರಿಲ್ ಬಳಿ ಗ್ಲೌಸ್ ಧರಿಸುವುದು ರಕ್ಷಣೆಯಲ್ಲ, ಅಪಾಯ. ಅದು ಕೈಯನ್ನೇ ಒಳಗೆಳೆದುಕೊಳ್ಳುತ್ತದೆ. ಚಿಪ್ಸ್ ಅನ್ನು ಬರಿಗೈಯಿಂದ ಎಳೆಯಬಾರದು.

ಲೋಹಗಳ ವಿಚಾರದಲ್ಲಿ ಪೀಣ್ಯದ ಆಡುಮಾತು ಬೇಗ ಕಿವಿಗೆ ಬೀಳುತ್ತದೆ: ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು), ಇಎನ್8, ಇಎನ್24, ಇಎನ್31, ಓಎಚ್‌ಎನ್‌ಎಸ್. ಇವೆಲ್ಲ ಉಕ್ಕಿನ ಬಗೆಗಳು. ಬೇಸ್ ಪ್ಲೇಟ್‌ಗೆ ಎಂಎಸ್ ಸಾಕು. ಪದೇಪದೇ ಭಾಗವನ್ನು ಹೊತ್ತು ಸವೆಯುವ ಲೊಕೇಟರ್‌ಗೆ (ಭಾಗವನ್ನು ಸರಿಯಾದ ಜಾಗದಲ್ಲಿ ಕೂರಿಸುವ ತುಂಡು) ಗಡಸು ಮಾಡಬಲ್ಲ ಓಎಚ್‌ಎನ್‌ಎಸ್‌ನಂತಹ ಉಕ್ಕು ಬೇಕು. ಎಂಎಸ್ ಎಂದು ಬರೆದು ಪಕ್ಕದಲ್ಲೇ 58 ಎಚ್‌ಆರ್‌ಸಿ (ಗಡಸುತನದ ಅಳತೆ) ಎಂದು ಕೇಳಿದ ಡ್ರಾಯಿಂಗ್ ಶಾಖೋಪಚಾರದವರ ಬಳಿಯಿಂದ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಹಿಂದಿರುಗುತ್ತದೆ.

ಫೈಲ್‌ಗಳ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. "ಫೈನಲ್", "ಫೈನಲ್ ಹೊಸದು" ಎಂದು ಹೆಸರಿಡದೆ ಕಾರ್ಖಾನೆಯ ನಂಬರಿಂಗ್ ಪದ್ಧತಿಯನ್ನೇ ಅನುಸರಿಸಿ, ಹಳೆಯ ರಿವಿಷನ್ನಿನ ಪ್ರಿಂಟ್ ಶಾಪ್ ಫ್ಲೋರ್‌ನಲ್ಲಿ ಉಳಿದಿದ್ದರೆ ವಾಪಸು ತರಿಸಿ. ಗ್ರಾಹಕರ ಡ್ರಾಯಿಂಗ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಡಿ, ಯಂತ್ರದ ಮುಂದೆ ನಿಂತು ತೆಗೆದ ಚಿತ್ರವನ್ನು ಇನ್‌ಸ್ಟಾಗ್ರಾಮ್‌ಗೆ ಏರಿಸಬೇಡಿ.

ಇನ್ನು ರಜೆ. ಅನೇಕ ಕಾರ್ಖಾನೆಗಳಲ್ಲಿ ಶನಿವಾರವೂ ಕೆಲಸವಿರುತ್ತದೆ, ಹೀಗಾಗಿ ವಾರಾಂತ್ಯವೆಂದರೆ ಒಂದೇ ಭಾನುವಾರ. ಅದರ ಅರ್ಧ ಬಟ್ಟೆ ಒಗೆಯುವುದಕ್ಕೂ ನಿದ್ದೆಗೂ ಹೋದರೆ ಬೇಸರಪಡಬೇಡಿ, ದಿನವಿಡೀ ನಿಂತು ಓಡಾಡಿದ ಮೈಗೆ ಅದು ಬೇಕು. ಉಳಿದರ್ಧಕ್ಕೆ ಪೀಣ್ಯದ ಮೂಲಕ ಹೋಗುವ ನಮ್ಮ ಮೆಟ್ರೋದ ಹಸಿರು ಮಾರ್ಗವೇ ಸಾಕಷ್ಟು ದಾರಿ ತೋರಿಸುತ್ತದೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಹತ್ತಿರ. ಅಲ್ಲಿನ ಇಂಜಿನ್ ಮತ್ತು ಯಂತ್ರಗಳ ವಿಭಾಗವನ್ನು ಮಕ್ಕಳಿಗೆ ಬಿಟ್ಟುಕೊಡದೆ ನಿಧಾನವಾಗಿ ನೋಡಿ. ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಡೆ ವಿಮಾನ ತಯಾರಿಸುವ ಎಚ್‌ಎಎಲ್ ಸಂಸ್ಥೆಯ ವಸ್ತುಸಂಗ್ರಹಾಲಯವಿದೆ. ಜರ್ಮನ್ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ವಿನ್ಯಾಸಗೊಂಡು 1961ರಲ್ಲಿ ಮೊದಲ ಬಾರಿ ಹಾರಿದ ಮಾರುತ್ ಯುದ್ಧವಿಮಾನ ಅಲ್ಲಿದೆ. ನಿಮ್ಮ ಇಂಟರ್ನ್‌ಶಿಪ್ ಜನವರಿಯಲ್ಲಿ ಬಂದರೆ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್ ಯಂತ್ರೋಪಕರಣ ಪ್ರದರ್ಶನಕ್ಕೆ ಹೋಗಲು ಮ್ಯಾನೇಜರರ ಬಳಿ ಒಂದು ದಿನ ಕೇಳಿ ನೋಡಿ. ಪ್ರದರ್ಶನ ಕೇಂದ್ರದ ಬಳಿಯ ಮಾದಾವರದವರೆಗೆ ಮೆಟ್ರೋ ಬಂದಿರುವುದರಿಂದ ಪ್ರಯಾಣ ಸುಲಭ. ಯಂತ್ರಗಳ ಮುಖವೇ ಬೇಡವೆನಿಸಿದ ಭಾನುವಾರ ಬೆಳಿಗ್ಗೆ ಬೇಗ ದಾಬಸ್‌ಪೇಟೆ ಕಡೆಯ ಬಸ್ ಹಿಡಿದು ಶಿವಗಂಗೆ ಬೆಟ್ಟ ಹತ್ತಬಹುದು. ತಿಂಡಿಯ ಚೀಲವನ್ನು ಮಾತ್ರ ಕೋತಿಗಳ ಕಣ್ಣಿಗೆ ಬೀಳದಂತೆ ಇಟ್ಟುಕೊಳ್ಳಿ.

ಕೊನೆಯ ಎರಡು ವಾರಗಳಲ್ಲಿ ಕಾಲೇಜಿನ ವರದಿಯ ಕೆಲಸ ಆರಂಭಿಸಿ. ಯಾವ ಡ್ರಾಯಿಂಗ್ ತೋರಿಸಬಹುದು ಎಂಬುದಕ್ಕೆ ಮ್ಯಾನೇಜರರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ತೋರಿಸಬಾರದ್ದನ್ನು ಅಳತೆಗಳಿಲ್ಲದ ಸರಳ ರೇಖಾಚಿತ್ರವಾಗಿ ಬಿಡಿಸಿ. ಪ್ರಮಾಣಪತ್ರದಲ್ಲಿ ನಿಮ್ಮ ಹೆಸರು, ನೋಂದಣಿ ಸಂಖ್ಯೆ ಮತ್ತು ದಿನಾಂಕಗಳು ಕಾಲೇಜಿನ ದಾಖಲೆಗೆ ಹೊಂದುತ್ತವೆಯೇ ಎಂದು ಸಹಿ ಬೀಳುವ ಮೊದಲೇ ನೋಡಿಕೊಳ್ಳಿ. ಅರ್ಧಕ್ಕೆ ನಿಂತ ಮಾದರಿಗಳು ಎಲ್ಲಿವೆ, ಯಾವ ಭಾಗ ಇನ್ನೂ ಪರಿಶೀಲನೆಯಾಗಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ನಿಮ್ಮ ಜಾಗಕ್ಕೆ ಬರುವವರಿಗೆ ತಲುಪುವಂತೆ ನಿಮ್ಮ ಮೇಲಿನ ಡಿಸೈನರ್ ಕೈಗೆ ಕೊಡಿ.