ಬುಡಾಪೆಸ್ಟ್‌ಗೆ ಹೋಗೋರು ಸೇತುವೆಗಳಿಗೆ ಅರ್ಧ ದಿನ ಇಟ್ಕೊಳ್ಳಿ

ಯುರೋಪ್ ಟ್ರಿಪ್ ಪ್ಲಾನ್ ಮಾಡ್ತಿರೋರಿಗೆ ಒಂದು ಸಲಹೆ, ಬುಡಾಪೆಸ್ಟ್‌ನಲ್ಲಿ ಬರೀ ಬೋಟ್ ರೈಡ್ ಮಾಡಿ ವಾಪಸ್ ಬರ್ಬೇಡಿ, ಡ್ಯಾನ್ಯೂಬ್ ನದಿ ಮೇಲಿನ ಸೇತುವೆಗಳನ್ನ ನಡ್ಕೊಂಡೇ ದಾಟಿ. ಮೊದ್ಲು ಚೈನ್ ಬ್ರಿಡ್ಜ್, 1849ರಲ್ಲಿ ಓಪನ್ ಆಗಿದ್ದು, ನದಿಯ ಎರಡು ದಡದಲ್ಲಿರೋ ಬುಡಾ ಮತ್ತು ಪೆಸ್ಟ್ ಭಾಗಗಳನ್ನ ಸೇರಿಸಿದ ಮೊದಲ ಕಾಯಂ ಸೇತುವೆ ಇದೇ, ಎರಡೂ ತುದಿಲಿ ಕಲ್ಲಿನ ಸಿಂಹಗಳಿವೆ. 1945ರಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿಯೋವಾಗ ಸ್ಫೋಟಿಸಿಬಿಟ್ಟಿತ್ತು, ಮತ್ತೆ ಕಟ್ಟಿ 1949ರಲ್ಲಿ, ಅಂದ್ರೆ ಸರಿಯಾಗಿ ನೂರು ವರ್ಷಕ್ಕೆ, ತೆರೆದ್ರು. ಇದನ್ನ ತಿಳ್ಕೊಂಡು ದಾಟಿದ್ರೆ ಮನಸ್ಸಿಗೆ ತಟ್ಟುತ್ತೆ.

ನಂಗೆ ತುಂಬಾ ಇಷ್ಟ ಆಗೋದು ಮಾತ್ರ ಹಸಿರು ಬಣ್ಣದ ಲಿಬರ್ಟಿ ಬ್ರಿಡ್ಜ್, 1896ರದ್ದು, ಕಂಬಗಳ ತುದಿಲಿ ರೆಕ್ಕೆ ಬಿಚ್ಚಿದ ತುರುಲ್ ಹಕ್ಕಿಗಳು (ಹಂಗೇರಿಯ ಪುರಾಣದ ಗಿಡುಗದಂಥ ಹಕ್ಕಿ) ಕೂತಿವೆ, ತಲೆ ಎತ್ತಿ ನೋಡೋದು ಮರೀಬೇಡಿ. ಪೆಸ್ಟ್ ಕಡೆ ಗ್ರೇಟ್ ಮಾರ್ಕೆಟ್ ಹಾಲ್, ಬುಡಾ ಕಡೆ ಗೆಲ್ಲೆರ್ಟ್ ಬೆಟ್ಟ, ಹತ್ತಿದ್ರೆ ಇಡೀ ನದಿ ಕಣ್ಮುಂದೆ. ಮಾರ್ಗರೆಟ್ ಬ್ರಿಡ್ಜ್ ಮಧ್ಯದಲ್ಲಿ ಬಾಗಿದೆ, ಅಲ್ಲಿಂದ ನದಿ ಮಧ್ಯದ ಮಾರ್ಗರೆಟ್ ದ್ವೀಪಕ್ಕೆ ಇಳೀಬಹುದು, ಮಕ್ಕಳಿದ್ರೆ ಒಳ್ಳೇದು.

ನಡೆಯೋಕಾಗದ ಹಿರಿಯರನ್ನ ಪೆಸ್ಟ್ ದಡದ 2ನೇ ನಂಬರ್ ಟ್ರಾಮ್ ಹತ್ತಿಸಿ, ನದಿ ಕಡೆ ಕಿಟಕಿ ಹಿಡಿದು ಕೂತ್ರೆ ಸಾಕು. ಸಂಜೆ ಲೈಟ್ ಹಾಕಿದ ಮೇಲೆ ಚೈನ್ ಬ್ರಿಡ್ಜ್ ಹತ್ರ ಇನ್ನೊಂದ್ಸಲ ಹೋಗ್ಲೇಬೇಕು.