ಚದರದ ಲೆಕ್ಕ, ಬಟವಾಡೆಯ ಲೆಕ್ಕ: ಸಣ್ಣ ಮನೆ ಗುತ್ತಿಗೆಯಲ್ಲಿ ಲಾಭ ಉಳಿಸುವುದು ಹೇಗೆ?

‘ಚದರಕ್ಕೆ (ನೂರು ಚದರ ಅಡಿಗೆ) ಇಷ್ಟು’ ಎಂದು ಬಾಯಿಮಾತಿನಲ್ಲಿ ಮನೆ ಒಪ್ಪಿಕೊಳ್ಳುವ ಗುತ್ತಿಗೆದಾರರಿಗೆ ಲಾಭವೆಷ್ಟೆಂದು ತಿಳಿಯುವುದು ಗೃಹಪ್ರವೇಶದ ಊಟ ಮುಗಿದ ಮೇಲೆ. ಅಷ್ಟರಲ್ಲಿ ಕೈಯಲ್ಲಿರುವುದು ಸಿಮೆಂಟ್ ಅಂಗಡಿಯ ಬಾಕಿ ಚೀಟಿ.

ಮೊದಲು ಶೇಕಡಾವಾರು ಸರಿಮಾಡಿಕೊಳ್ಳಿ. ಸಾಮಗ್ರಿ, ಕೂಲಿ, ಉಪಗುತ್ತಿಗೆ, ಸಾಗಣೆ, ನಿಮ್ಮ ಓಡಾಟ ಎಲ್ಲ ಸೇರಿ ಖರ್ಚು 20 ಲಕ್ಷ ಎನ್ನಿ. ಅದಕ್ಕೆ ಶೇ 15 ಸೇರಿಸಿ 23 ಲಕ್ಷಕ್ಕೆ ಒಪ್ಪಿದರೆ, ಬಂದ ಹಣದಲ್ಲಿ ಲಾಭ ಶೇ 13 ಮಾತ್ರ. ಬಿಲ್ಲಿನಲ್ಲೇ ಶೇ 15 ಉಳಿಯಬೇಕಾದರೆ 20 ಲಕ್ಷವನ್ನು 0.85ರಿಂದ ಭಾಗಿಸಬೇಕು, ಸುಮಾರು 23.53 ಲಕ್ಷ. ನಡುವಿನ 53 ಸಾವಿರವನ್ನು ಯಾರೂ ಕದ್ದಿಲ್ಲ, ನೀವೇ ಕೇಳಿಲ್ಲ.

ಇನ್ನು ಕೆಲಸ ಹಂಚುವುದು. ಸೆಂಟ್ರಿಂಗ್ (ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟುವುದು), ಕಂಬಿ ಕಟ್ಟುವುದು, ವೈರಿಂಗ್, ಟೈಲ್ಸ್ ಇವನ್ನೆಲ್ಲ ತುಂಡು ಗುತ್ತಿಗೆಗೆ ಕೊಡಬಹುದು. ಗೋಡೆ ಕೆಲಸಕ್ಕೆ ಮಾತ್ರ ಅಗ್ಗದ ಮೇಸ್ತ್ರಿಯನ್ನು ಹುಡುಕಬೇಡಿ. ಕೂಲಿ ಅವನದು, ಸಿಮೆಂಟ್ ನಿಮ್ಮದು. ತೂಗುಗುಂಡು ಹಿಡಿಯದೆ ಕಟ್ಟಿದ ಗೋಡೆಯನ್ನು ನೇರ ಮಾಡಲು 12 ಮಿ.ಮೀ. ಗಾರೆಯ ಬದಲು 25 ಮಿ.ಮೀ. ಬಳಿಯಬೇಕಾಗುತ್ತದೆ. ಸಿಮೆಂಟ್, ಮರಳು ಎರಡೂ ದುಪ್ಪಟ್ಟು. ಚದರ ಅಡಿಗೆ ಎರಡು ರೂಪಾಯಿ ಉಳಿಸಿದ ಜಾಣತನ ಗೋಡೆಯೊಳಗೇ ಹೂತುಹೋಗುತ್ತದೆ.

ಒಪ್ಪಂದ ಒಂದೇ ಹಾಳೆಯಾದರೂ ಸರಿ, ಬರೆದಿರಲಿ. ದರವನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಚಿಲ್ಲರೆ ಕೆಲಸ. ಸಾರುವೆ ಯಾರದು? ಕ್ಯೂರಿಂಗ್‌ಗೆ ನೀರು ಹೊಡೆಯುವವರು ಯಾರು? ವೈರಿಂಗ್ ಪೈಪಿಗೆ ಕೊರೆದ ಗೋಡೆಯನ್ನು ಮುಚ್ಚುವುದು ಯಾರ ಲೆಕ್ಕಕ್ಕೆ? ಅಳತೆಯ ಕ್ರಮವನ್ನೂ ನಮೂದಿಸಿ. ಎರಡೂ ಬದಿ ಒಂದೇ ಬಗೆಯ ಗಾರೆಯಿದ್ದರೆ, ಕಟ್ಟಡ ಕೆಲಸದ ಅಳತೆಗಿರುವ ಭಾರತೀಯ ಮಾನಕ ಐಎಸ್ 1200ರಂತೆ ಅರ್ಧ ಚದರ ಮೀಟರಿನವರೆಗಿನ ಕಿಂಡಿಯನ್ನು ಗಾರೆಯ ಅಳತೆಯಿಂದ ಕಳೆಯುವಂತಿಲ್ಲ. ಅಲ್ಲಿಂದ ಮೂರು ಚದರ ಮೀಟರಿನವರೆಗೆ ಒಂದು ಬದಿಗೆ ಮಾತ್ರ ಕಳೆಯಬೇಕು. ಕಿಟಕಿಯ ಮುಂದೆ ಟೇಪು ಹಿಡಿದು ನಡೆಯುವ ಜಗಳ ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತದೆ.

ಶನಿವಾರದ ಬಟವಾಡೆಗೆ ಮುನ್ನ ಆ ವಾರದ ಕೆಲಸವನ್ನು ಅಳೆಯಿರಿ. ಕೆಲಸಕ್ಕಿಂತ ಹಣ ಮುಂದೆ ಹೋದರೆ, ಸೋಮವಾರ ಮೇಸ್ತ್ರಿ ಇನ್ನೊಂದು ಸೈಟಿನಲ್ಲಿರುತ್ತಾನೆ. ಪ್ರತಿ ಬಿಲ್ಲಿನಿಂದ ಶೇ 5 ತಡೆಹಿಡಿದು, ಕೆಲಸ ಪರೀಕ್ಷಿಸಿದ ಮೇಲೆ ತಪ್ಪದೆ ಕೊಟ್ಟುಬಿಡಿ. ಅದನ್ನೂ ನುಂಗುವವರಿಗೆ ಮುಂದಿನ ಸಲ ಒಳ್ಳೆಯ ಮೇಸ್ತ್ರಿ ಸಿಗುವುದಿಲ್ಲ.

ಉಪಗುತ್ತಿಗೆದಾರನ ಆಳು ಸಾರುವೆಯಿಂದ ಬಿದ್ದರೆ ಪರಿಹಾರದ ಹೊಣೆ ಮುಖ್ಯ ಗುತ್ತಿಗೆದಾರನ ಮೇಲೂ ಬರುತ್ತದೆ. ಆದ್ದರಿಂದ ವಿಮೆಯ ಕಂತನ್ನು ಖರ್ಚಿನ ಪಟ್ಟಿಗೆ ಮೊದಲೇ ಸೇರಿಸಿ.

ಕೊನೆಯ ಸೋರಿಕೆ ಮನೆಯ ಯಜಮಾನರ ಕಾಫಿಯ ಜೊತೆ ಬರುತ್ತದೆ. ‘ಅಡುಗೆಮನೆಯಲ್ಲಿ ಇನ್ನೊಂದು ಸಜ್ಜ ಹಾಕಿಬಿಡಿ’ ಎನ್ನುತ್ತಾರೆ. ಮೇಸ್ತ್ರಿ ಅದಕ್ಕೆ ನಿಮ್ಮಿಂದ ಹಣ ಪಡೆಯುತ್ತಾನೆ. ನೀವು ಯಜಮಾನರನ್ನು ಕೇಳಲು ಸಂಕೋಚಪಡುತ್ತೀರಿ. ಕಾಫಿ ಕುಡಿಯಿರಿ, ಆದರೆ ಅಂದೇ ಸಂಜೆ ಅಳತೆ, ದರ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ. ‘ಸರಿ’ ಎಂಬ ಉತ್ತರ ಬಂದ ಮೇಲೆ ಸೆಂಟ್ರಿಂಗ್ ಹಲಗೆ ತರಿಸಿ.